ಮೂಲೆಯ ಭಾಷೆ

ಗುರುವಾರ ಮಧ್ಯಾಹ್ನ ತೂಕ. ಶುಕ್ರವಾರ ಜುಮಾ ನಮಾಜಿನ ಬಳಿಕ ಕೈಗಳಿಗೆ ಪಟ್ಟಿ ಸುತ್ತುವುದು. ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಸುತ್ತಲೂ ಬಲೆ ಬಿಗಿದ ಪಂಜರ. ಅಮ್ಮಾನಿನಲ್ಲಿ ಚಾಂಪಿಯನ್ ಬೆಲ್ಟಿಗಾಗಿ ನಡೆಯುವ ಕಾದಾಟಗಳು ಈ ಕ್ರಮವನ್ನು ತಪ್ಪಿದ್ದಿಲ್ಲ. ಜಾನ್‌ಬೆಕ್ ಮೊದಲು ಆಟಗಾರನಾಗಿ ಈ ಕ್ರಮವನ್ನು ಹಾದುಬಂದಿದ್ದ, ಬೆಲ್ಟು ಗೆದ್ದಿದ್ದ, ಕೆಲವು ವರ್ಷ ಅದನ್ನು ಉಳಿಸಿಕೊಂಡಿದ್ದ. ಅನಂತರ ಮಂಡಿ ಕೈಕೊಟ್ಟಿತೆಂದು ಹೇಳಿ ಪಂಜರದಿಂದ ಹೊರಬಂದು, ಅದರ ಮೂಲೆಯಲ್ಲಿ ನಿಂತು ಕೂಗುವ ಕೋಚ್ ಆಗಿದ್ದ. ಈ ಶುಕ್ರವಾರ ಅದೇ ಬೆಲ್ಟಿಗಾಗಿ ಅವನ ಶಿಷ್ಯ ಯಿನಾಲ್ ಆಡಬೇಕಿತ್ತು.

ಯಿನಾಲ್‌ನ ಪಾಲಿಗೆ ಇದು ಬೆಲ್ಟಿಗಿಂತ ದೊಡ್ಡದಾಗಿತ್ತು. ಅವನ ತಂದೆ ಇಸ್‌ಹಾಕ್ ಅಮೃತಶಿಲೆ ಕೊಯ್ಯುವ ಕಾರ್ಖಾನೆ ನಡೆಸುತ್ತಿದ್ದ; ಮಗನ ಕಿವಿಗಳು ಗುದ್ದು ತಿಂದು ಹೂಕೋಸಿನಂತಾಗುತ್ತಿರುವುದನ್ನು ನಾಲ್ಕು ವರ್ಷ ನೋಡಿ ಸುಮ್ಮನಿದ್ದ. ಈ ಬಾರಿ ಅವನು ಜಾನ್‌ಬೆಕ್‌ನ ಎದುರಿಗೇ ಮಾತು ಮುಗಿಸಿದ್ದ. ಗೆದ್ದರೆ ಹುಡುಗ ಕೊಲ್ಲಿಯ ದೊಡ್ಡ ಪಂದ್ಯಾವಳಿಗೆ ಹೋಗಲಿ, ತಾನು ಅಡ್ಡ ಬರುವುದಿಲ್ಲ. ಸೋತರೆ ಶನಿವಾರ ಬೆಳಿಗ್ಗೆ ಗರಗಸದ ಮುಂದೆ ನಿಲ್ಲಲಿ, ಮತ್ತೆ ಆಟದ ಹೆಸರೆತ್ತುವಂತಿಲ್ಲ. ಯಿನಾಲ್ ತಂದೆಯ ಕೈ ಮುಟ್ಟಿ ಒಪ್ಪಿಕೊಂಡಿದ್ದ. ಸರ್ಕೇಶಿಯನ್ನರಲ್ಲಿ ಹಾಗೆ ಒಪ್ಪಿದ ಮಾತಿಗೆ ಹಿಂದಡಿ ಇಲ್ಲ.

ಅಮ್ಮಾನಿನ ಅಂಚಿನ ವಾದಿ ಅಸ್ಸೀರ್‌ನ ಸರ್ಕೇಶಿಯನ್ ಮನೆಗಳಲ್ಲಿ ಹೊಸ್ತಿಲಾಚೆ ಅರಬಿ, ಹೊಸ್ತಿಲೊಳಗೆ ತಮ್ಮದೇ ಅದಿಗೆ. ಕಾಕಸಸ್ಸಿನ ಬೆಟ್ಟಗಳಿಂದ ಅಜ್ಜಂದಿರ ಅಜ್ಜಂದಿರು ಹೊತ್ತುತಂದ ಆ ಭಾಷೆ ಅಕ್ಕಪಕ್ಕದ ಯಾರಿಗೂ ಬಾರದು. ಅದನ್ನು ಪಂಜರದ ಮೂಲೆಗೆ ತಂದವನು ಜಾನ್‌ಬೆಕ್‌ನ ಚಿಕ್ಕಪ್ಪ ಹಪಾಗೊ. ಉಳಿದ ಕೋಚುಗಳು ಅರಬಿಯಲ್ಲಿ ಕೂಗಿ ತಮ್ಮ ಗುಟ್ಟನ್ನು ತಾವೇ ಎದುರಾಳಿಗೆ ಒಪ್ಪಿಸುತ್ತಿದ್ದಾಗ, ಹಪಾಗೊ ಅದಿಗೆಯಲ್ಲಿ ‘ಎಡಗಾಲು’ ಎಂದು ಕೂಗುತ್ತಿದ್ದ, ಜಾನ್‌ಬೆಕ್ ಎದುರಾಳಿಯ ಎಡಗಾಲು ಹಿಡಿಯುತ್ತಿದ್ದ. ಬೇರೆ ಸಂಕೇತದ ಅಗತ್ಯವೇ ಇರಲಿಲ್ಲ, ಭಾಷೆಯೇ ಬೀಗವಾಗಿತ್ತು. ಚಿಕ್ಕಪ್ಪ ತೀರಿಕೊಂಡ ಮೇಲೆ ಜಾನ್‌ಬೆಕ್ ಎರಡೇ ಕಾದಾಟಗಳನ್ನು ಆಡಿದ, ಎರಡನ್ನೂ ಸೋತ. ಮಂಡಿ ಕೈಕೊಟ್ಟಿತೆಂದು ಹೇಳಿದ್ದು ಆಗಲೇ. ಯಿನಾಲ್‌ಗೆ ಪಾಠ ಶುರುವಾದಂದಿನಿಂದ ಅವನು ಅದೇ ಪದ್ಧತಿಯನ್ನು ಹಿಡಿದ. ಚಾಪೆಯ ಮೇಲೆ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಪದ ಕೂಗಿದೊಡನೆ ಮೈ ಹೊರಳುವಂತೆ ಪಳಗಿಸಿದ. ಯೋಚಿಸಿದರೆ ತಡ, ಕೇಳಿದರೆ ಸಾಕು ಎಂಬುದು ಅವನ ಸಿದ್ಧಾಂತ.

ಮೂಲೆಯಲ್ಲಿ ಅವನ ಜೊತೆಗಿದ್ದವನು ಅಬು ಸಫ್ವಾನ್. ಗಾಯಕ್ಕೆ ವ್ಯಾಸಲೀನು ಒತ್ತುವುದು, ನೀರು ಕುಡಿಸುವುದು, ಐಸು ಹಿಡಿಯುವುದು ಅವನ ಕೆಲಸ. ಅವನು ಅರಬ; ಅದಿಗೆಯ ಒಂದಕ್ಷರವೂ ತಿಳಿಯದು.

“ನೀವಿಬ್ರೂ ಮಾತಾಡ್ತಿದ್ರೆ ಬಿಸಿ ಬಾಣಲೆಗೆ ನೀರು ಬಿದ್ದ ಹಾಗಿರತ್ತೆ ಕಣೋ,” ಎಂದು ಅವನು ಪ್ರತಿ ಸಲವೂ ರೇಗಿಸುತ್ತಿದ್ದ. “ಒಂದು ದಿನ ನನ್ನನ್ನೇ ಮಾರಿಬಿಟ್ರೂ ನನಗೆ ಗೊತ್ತಾಗಲ್ಲ.”

“ನಿನ್ನನ್ನ ಯಾರು ತಗೋತಾರೆ,” ಎನ್ನುತ್ತಿದ್ದ ಜಾನ್‌ಬೆಕ್.

ಗುರುವಾರ ತೂಕದ ಕೋಣೆಯಲ್ಲಿ ಎದುರಾಳಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದರು. ಹೆಸರು ಅನಸ್, ದಮಾಸ್ಕಸ್ಸಿನಿಂದ ಬಂದವನು, ಉದ್ದ ಕೈಗಳ ಗುದ್ದುಗಾರ. ಜಾನ್‌ಬೆಕ್ ಒಳಗೆ ಕಾಲಿಟ್ಟಾಗ ಬೆಂಚಿನ ಮೇಲೆ ಕುಳಿತಿದ್ದ ಆಟಗಾರರಲ್ಲಿ ಎದ್ದುನಿಂತವನು ಅವನೊಬ್ಬನೇ. ಜಾನ್‌ಬೆಕ್ ಕೂರುವವರೆಗೂ ಅವನು ಕೂರಲಿಲ್ಲ. ಹೊರಗೆ ಹೋಗುವಾಗ ಕಾರಿಡಾರಿನಲ್ಲಿ ಜೊತೆಯಾದವನು ಜಾನ್‌ಬೆಕ್‌ನ ಬಲಗಡೆಯಿಂದ ಸರಿದು ಎಡಗಡೆಗೆ ಬಂದು, ಅರ್ಧ ಹೆಜ್ಜೆ ಹಿಂದಿನಿಂದ ನಡೆದ. ತೂಕ ಇಳಿಸಲು ನೀರು ಬಿಟ್ಟು ಅವನ ತುಟಿ ಸೀಳಿತ್ತು. ಆದರೂ ಬಾಗಿಲನ್ನು ತಾನೇ ಹಿಡಿದು ನಿಂತ. ಎಷ್ಟು ಸಂಸ್ಕಾರವಂತ ಹುಡುಗ ಎಂದು ಜಾನ್‌ಬೆಕ್ ಮೆಚ್ಚಿದ. ಮೆಚ್ಚಿದ್ದನ್ನು ಯಿನಾಲ್‌ಗೂ ಹೇಳಿದ. ಹಿರಿಯನಿಗೆ ಬಲಗಡೆಯನ್ನು ಬಿಟ್ಟುಕೊಟ್ಟು ಎಡಕ್ಕೆ ನಡೆಯುವುದನ್ನು ಆ ಹುಡುಗ ಯಾರ ಮನೆಯಲ್ಲಿ ಕಲಿತ ಎಂದು ಮಾತ್ರ ಅವನು ಕೇಳಿಕೊಳ್ಳಲಿಲ್ಲ.

ಶುಕ್ರವಾರ ಪಂಜರದ ಬಾಗಿಲು ಮುಚ್ಚಿತು. ಮೂರು ಸುತ್ತಿನ ಆಟ. ಇಸ್‌ಹಾಕ್ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದ. ಮನೆಯಲ್ಲಿ ಯಿನಾಲ್‌ನ ತಾಯಿ ಅಕ್ರೋಟಿನ ಸಾರಿನಲ್ಲಿ ಕೋಳಿ ಬೇಯಲಿಟ್ಟು, ದೂರವಾಣಿಯನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಮೊದಲ ಸುತ್ತಿನಲ್ಲಿ ಅನಸ್ ಭಾರವನ್ನೆಲ್ಲ ಎಡಗಾಲಿಗೆ ಹಾಕಿದ ಕ್ಷಣವನ್ನು ಜಾನ್‌ಬೆಕ್ ಕಂಡ. “ಎಡಗಾಲು” ಎಂದು ಕೂಗಿದ. ಯಿನಾಲ್ ತಗ್ಗಿದ. ಆದರೆ ಅವನು ತಗ್ಗುವ ಮೊದಲೇ ಆ ಕಾಲು ಅಲ್ಲಿಂದ ಹೋಗಿತ್ತು. ಇರಲಿ, ಒಳ್ಳೆಯ ಆಟಗಾರ ಎಂದುಕೊಂಡ ಜಾನ್‌ಬೆಕ್. “ತಲೆ ಬಲಕ್ಕೆ” ಎಂದ. ಬಲಕ್ಕೆ ಸರಿದ ತಲೆಗೆ ಅಲ್ಲೇ ಕಾಯುತ್ತಿದ್ದ ಮೊಣಕೈ ಬಡಿಯಿತು. “ಒಳಗೆ ನುಗ್ಗು” ಎಂದ. ಅನಸ್ ಹಿಂದೆ ಸರಿದು ಗಾಳಿಗೆ ನುಗ್ಗಿದವನ ಪಕ್ಕೆಗೆ ಒದ್ದ. ಮೂರೂ ಸಲ ಎದುರಾಳಿಯ ಮೈ ಯಿನಾಲ್‌ನ ಮೈಗಿಂತ ಕೂದಲೆಳೆಯಷ್ಟು ಮೊದಲು ಚಲಿಸಿತ್ತು. ಯಿನಾಲ್‌ನ ಕಣ್ಣು ನೋಡಿ ಅನಸ್ ಊಹಿಸುತ್ತಿರಬಹುದು ಎಂದು ಜಾನ್‌ಬೆಕ್ ಲೆಕ್ಕ ಹಾಕಿದ. ಆದರೆ ಆಗ ಯಿನಾಲ್‌ನ ಮುಖ ನೆಲ ನೋಡುತ್ತಿತ್ತು.

ಸುತ್ತು ಮುಗಿಯುವ ಹೊತ್ತಿಗೆ ಇಬ್ಬರೂ ಅಪ್ಪಿಕೊಂಡು ಜಾನ್‌ಬೆಕ್‌ನ ಎದುರಿನ ಬಲೆಗೇ ಒರಗಿದರು. ಅನಸ್‌ನ ಮುಖ ಅವನಿಗೆ ಒಂದು ಮೊಳ ದೂರದಲ್ಲಿತ್ತು. ಯಿನಾಲ್‌ಗೆ ಧೈರ್ಯ ಬರಲೆಂದು ಜಾನ್‌ಬೆಕ್ ಅದಿಗೆಯಲ್ಲಿ ನಗೆಮಾತು ಎಸೆದ: “ಗಾಣದ ಕತ್ತೆ ಹಾಗೆ ಬಾಯಿ ತೆರ್ಕೊಂಡಿದಾನೆ ನೋಡು, ಸುಸ್ತಾಗೋದ.”

ಅನಸ್ ಬಾಯಿ ಮುಚ್ಚಿಕೊಂಡ.

ಗಂಟೆ ಮೊಳಗಿತು. ಯಿನಾಲ್ ಬಂದು ಸ್ಟೂಲಿನ ಮೇಲೆ ಕುಳಿತ. ಅಬು ಸಫ್ವಾನ್ ಹುಬ್ಬಿನ ಗಾಯಕ್ಕೆ ವ್ಯಾಸಲೀನು ಒತ್ತತೊಡಗಿದ. ತೂಕದ ಕೋಣೆ, ಬೆಂಚು, ಕಾರಿಡಾರ್, ಎಡಗಡೆ ಅರ್ಧ ಹೆಜ್ಜೆ ಹಿಂದೆ ನಡೆದ ಕಾಲುಗಳು ಒಂದರ ಹಿಂದೆ ಒಂದಾಗಿ ಜಾನ್‌ಬೆಕ್‌ನ ತಲೆಯಲ್ಲಿ ಸಾಲುಗೂಡಿದವು. ಹಿರಿಯರ ಮುಂದೆ ಹಾಗೆ ನಡೆದುಕೊಳ್ಳುವುದು ಸರ್ಕೇಶಿಯನ್ ಮನೆಗಳ ರೀತಿ.

“ಅವನಿಗೆ ನಮ್ಮ ಭಾಷೆ ಬರತ್ತೆ,” ಎಂದ ಅವನು, ಯಿನಾಲ್‌ನ ಕಿವಿಗೆ ಬಾಯಿಟ್ಟು.

ಅಬು ಸಫ್ವಾನ್‌ಗೆ ಅರಬಿಯಲ್ಲಿ ಹೇಳಬೇಕಾಯಿತು. ಅವನು, “ಹಾಗಾದ್ರೆ ಅರಬೀಲಿ ಕೂಗು,” ಎಂದ.

“ಅರಬಿ ಅವನಿಗೆ ನನಗಿಂತ ಚೆನ್ನಾಗಿ ಬರತ್ತೆ.”

“ಮತ್ತೆ ಯಾವ ಭಾಷೇಲಿ ಕೂಗ್ತೀಯ?”

ಕೈಸನ್ನೆ ಮಾಡಬಹುದಿತ್ತು, ಆದರೆ ಹಿಡಿತದಲ್ಲಿರುವವನಿಗೆ ಎದುರಾಳಿಯ ಹೆಗಲಲ್ಲದೆ ಬೇರೇನೂ ಕಾಣಿಸುವುದಿಲ್ಲ. ಉಳಿದ ಅರ್ಧ ನಿಮಿಷದಲ್ಲಿ ಜಾನ್‌ಬೆಕ್‌ಗೆ ಹೊಳೆದದ್ದು ಒಂದೇ ದಾರಿ. ಈ ಸುತ್ತಿನಲ್ಲಿ ಎಲ್ಲವೂ ತಲೆಕೆಳಗು ಎಂದು ಅವನು ಹುಡುಗನಿಗೆ ವಿವರಿಸಿದ: ಎಡ ಎಂದರೆ ಬಲ, ಒಳಗೆ ಎಂದರೆ ಹೊರಗೆ. ಯಿನಾಲ್ ತಲೆಯಾಡಿಸಿದ, ಅದನ್ನೇ ತಿರುಗಿ ಒಪ್ಪಿಸಿದ, ಒಂದೂ ತಪ್ಪಿಲ್ಲದೆ.

ಎರಡನೆಯ ಸುತ್ತಿನಲ್ಲಿ ಜಾನ್‌ಬೆಕ್ ಬಲಗಾಲಿಗೆ ಗುರಿಯಿಟ್ಟು “ಎಡಗಾಲು” ಎಂದು ಕೂಗಿದ. ಅನಸ್ ಎಡಗಾಲನ್ನು ಹಿಂದೆ ಎಳೆದುಕೊಂಡ, ಬಲಗಾಲು ಒಂಟಿಯಾಗಿ ನಿಂತಿತು. ಲೆಕ್ಕ ಸರಿಯಾಗಿತ್ತು. ಆದರೆ ಯಿನಾಲ್‌ನ ಮೈ ಎಡಗಾಲಿಗೇ ಹಾರಿತು. ಬುದ್ಧಿ ಒಪ್ಪಿಕೊಂಡಿದ್ದ ಹೊಸ ಅರ್ಥ ಸ್ನಾಯುಗಳವರೆಗೆ ಇಳಿದೇ ಇರಲಿಲ್ಲ. ಅವು ನಾಲ್ಕು ವರ್ಷಗಳಿಂದ ಪದಕ್ಕೆ ನೇರವಾಗಿ ಜೋಡಣೆಯಾಗಿದ್ದವು. ಎದ್ದುಬಂದ ಅನಸ್‌ನ ಮೊಣಕಾಲು ಹುಡುಗನ ಹಣೆಗೆ ತಾಗಿತು. ಜಾನ್‌ಬೆಕ್ ಮತ್ತೊಮ್ಮೆ ಪ್ರಯತ್ನಿಸಿದ, ಮತ್ತೊಮ್ಮೆ ಹಾಗೆಯೇ ಆಯಿತು. ಆಮೇಲೆ ಯಿನಾಲ್ ಪ್ರತಿ ಪದಕ್ಕೂ ಮೊದಲು ಹೊರಟು, ತಡೆದು, ಹಿಂತಿರುಗಿ, ಮೂರೂ ಕಡೆ ತಡವಾಗಿ, ನಡುವೆ ನಿಂತು ಹೊಡೆತ ತಿಂದ. ಆ ಹೊಡೆತಗಳಿಗೆ ತನ್ನ ಬಾಯಿಯೇ ದಾರಿ ತೋರಿಸುತ್ತಿದೆ ಎಂಬುದು ಜಾನ್‌ಬೆಕ್‌ಗೆ ಗೊತ್ತಿತ್ತು. ಸುತ್ತು ಮುಗಿಯುವ ಮುನ್ನ ಅವನು ಬಾಯಿ ಮುಚ್ಚಿದ.

ಸ್ಟೂಲಿನ ಮೇಲೆ ಕುಳಿತ ಯಿನಾಲ್‌ನ ಎಡಗಣ್ಣು ಊದಿಕೊಂಡಿತ್ತು. ಆಟ ನಿಲ್ಲಿಸೋಣವೇ ಎಂದು ಕೇಳಿದ್ದಕ್ಕೆ ಅವನು ತಂದೆ ಕುಳಿತಿದ್ದ ಸಾಲಿನ ಕಡೆ ನೋಡಿ ಬೇಡವೆಂದ. ಎರಡು ಸುತ್ತೂ ಅನಸ್‌ನ ಪಾಲಾಗಿದ್ದವು. ಇನ್ನು ಉರುಳಿಸಿ, ಕೆಳಗೆ ಹಾಕಿ, ಪಟ್ಟು ಹಾಕಿ ಸೋಲೊಪ್ಪಿಸಿದರೆ ಮಾತ್ರ ಗೆಲುವು.

“ಈಗ ನಾನು ಕೂಗಲ್ಲ. ನೀನೇ ನೋಡಿ ಆಡು,” ಎಂದ ಜಾನ್‌ಬೆಕ್.

ಯಿನಾಲ್ ಒಂದೇ ಕಣ್ಣಿನಿಂದ ಅವನನ್ನು ನೋಡಿದ. ಅದರಲ್ಲಿ ದೂರಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಕುತೂಹಲವಿತ್ತು.

“ಏನನ್ನ ನೋಡ್ಲಿ, ಕೋಚ್?”

ಜಾನ್‌ಬೆಕ್ ಹೇಳಲು ಹೊರಟ. ಸೊಂಟವನ್ನು ನೋಡು ಎನ್ನಬಹುದಿತ್ತು, ಹೆಗಲನ್ನು ನೋಡು ಎನ್ನಬಹುದಿತ್ತು. ಪಂಜರದ ಹೊರಗೆ ನಿಂತಾಗ ಅವನಿಗೆ ಎಲ್ಲವೂ ಒಟ್ಟಿಗೆ ಕಾಣುತ್ತಿತ್ತು. ಒಳಗಿದ್ದಾಗ ತಾನು ಏನನ್ನು ನೋಡುತ್ತಿದ್ದೆ ಎಂದು ನೆನಪು ಕೆದಕಿದರೆ ಚಿಕ್ಕಪ್ಪನ ಧ್ವನಿ ಬಿಟ್ಟು ಬೇರೇನೂ ಸಿಗಲಿಲ್ಲ. ಅಷ್ಟರಲ್ಲಿ ಸ್ಟೂಲು ತೆಗೆಯುವಂತೆ ರೆಫರಿ ಸನ್ನೆ ಮಾಡಿದ.

ಮೂರನೆಯ ಸುತ್ತಿನ ಬಹುಪಾಲು ಮೂಲೆಯಿಂದ ಒಂದು ಸೂಚನೆಯೂ ಬರಲಿಲ್ಲ. ಜನ ಕೂಗುತ್ತಿದ್ದರು, ಅಬು ಸಫ್ವಾನ್ ಪಿಸುದನಿಯಲ್ಲಿ ದೇವರನ್ನು ಕರೆಯುತ್ತಿದ್ದ. ಜಾನ್‌ಬೆಕ್ ತುಟಿ ಕಚ್ಚಿ ನಿಂತಿದ್ದ. ಮಧ್ಯದಲ್ಲಿ ಅನಸ್ ಕಾಲು ಜಾರಿದ. ಯಿನಾಲ್ ಮೈಯ ಭಾರದಿಂದಲೇ ಅವನನ್ನು ಕೆಡವಿ ಮೇಲೇರಿದ. ಇಸ್‌ಹಾಕ್ ಕಟ್ಟಿದ ಕೈ ಬಿಚ್ಚಿ ಎದ್ದುನಿಂತದ್ದನ್ನು ಜಾನ್‌ಬೆಕ್ ಕಂಡ. ಇಡೀ ವರ್ಷ ಅವರು ಕಾದಿದ್ದ ಸ್ಥಾನ ಅದು. ಅಲ್ಲಿಂದ ಮುಂದಿನ ಪಟ್ಟನ್ನು ಸಾವಿರ ಸಲ ಚಾಪೆಯ ಮೇಲೆ ಮಾಡಿದ್ದರು.

ಯಿನಾಲ್ ಮೇಲೆ ಕುಳಿತು, ತಲೆಯನ್ನು ಸ್ವಲ್ಪ ಓರೆಮಾಡಿ, ಕಿವಿಯನ್ನು ಮೂಲೆಯ ಕಡೆ ತಿರುಗಿಸಿದ. ಪದಕ್ಕಾಗಿ ಕಾಯುತ್ತಿದ್ದ.

ಆ ಓರೆಯಲ್ಲಿ ಗದ್ದ ಮೇಲೆದ್ದಿತು. ಕೆಳಗಿನಿಂದ ಅನಸ್‌ನ ತೋಳು ಹಾವಿನಂತೆ ಕುತ್ತಿಗೆಯ ಕಡೆ ಹೊರಡಲಿರುವುದನ್ನು ಜಾನ್‌ಬೆಕ್ ಅದು ಹೊರಡುವ ಮೊದಲೇ ಕಂಡ. ಹೇಳಿದರೆ ಇಬ್ಬರಿಗೂ ಕೇಳುತ್ತದೆ, ಹೇಳದಿದ್ದರೆ ಒಬ್ಬನಿಗೂ ಕೇಳುವುದಿಲ್ಲ. ಅವನಿಗೆ ತಡೆದುಕೊಳ್ಳಲಾಗಲಿಲ್ಲ. “ಗದ್ದ” ಎಂದು ಕೂಗಿದ. ಪದ ಎರಡು ಜೊತೆ ಕಿವಿಗಳಿಗೂ ಒಟ್ಟಿಗೇ ತಲುಪಿತು. ಗದ್ದ ತಗ್ಗತೊಡಗಿತು, ತೋಳು ಚುರುಕಾಯಿತು, ತೋಳು ಮೊದಲು ಮುಟ್ಟಿತು. ಯಿನಾಲ್‌ನ ಅಂಗೈ ಅನಸ್‌ನ ಬೆನ್ನನ್ನು ಎರಡು ಬಾರಿ ತಟ್ಟಿ ಸೋಲೊಪ್ಪಿಕೊಂಡಿತು.

ಬೆಲ್ಟು ಕಟ್ಟಿಸಿಕೊಂಡ ಅನಸ್ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಬಂದು ನಿಂತ. ಬೆಲ್ಟನ್ನು ಹೊರಗೇ ಯಾರ ಕೈಗೋ ಕೊಟ್ಟು ಬಂದಿದ್ದ. ಒಳಗೆ ಬರುವಂತೆ ಜಾನ್‌ಬೆಕ್ ಹೇಳುವವರೆಗೂ ಹೊಸ್ತಿಲು ದಾಟಲಿಲ್ಲ. ಬಂದವನು ಅವನ ಎಡಗಡೆಗೆ ನಿಂತು, ಕುಲದ ಹಿರಿಯರನ್ನು ಕರೆಯುವ ಹೆಸರಿನಿಂದಲೇ, ಅದಿಗೆಯಲ್ಲಿ ಮಾತನಾಡಿದ.

“ತಮಾದೆ, ಕೇಳಿಸ್ಕೋಬಾರದು ಅಂತಾನೇ ಇದ್ದೆ. ಕಿವಿಗೆ ಬಾಗಿಲಿಲ್ಲವಲ್ಲ.”

“ಯಾರ ಕಡೆಯಿಂದ ಬಂತು ನಿನಗೆ ಈ ಮಾತು?”

“ಅಮ್ಮನ ಕಡೆಯಿಂದ. ಅವಳು ಹೋದ ಮೇಲೆ ಇಷ್ಟು ಹೊತ್ತು ಈ ಭಾಷೆ ನನ್ನ ಕಿವಿಗೆ ಬಿದ್ದಿದ್ದು ಇವತ್ತೇ.” ಮತ್ತೆ ಸೇರಿಸಿದ: “ಗಾಣದ ಕತ್ತೆ ಅಂತ ಅವಳೂ ಬೈತಿದ್ಳು.”

ಜಾನ್‌ಬೆಕ್‌ಗೆ ಅವನ ಮೇಲೆ ಕೋಪ ಬರಿಸಿಕೊಳ್ಳಲೂ ಆಗಲಿಲ್ಲ. ಒಳ್ಳೆಯದಾಗಲಿ ಎಂದು ಹರಸಿ ಕಳಿಸಿದ.

ಇಸ್‌ಹಾಕ್ ಕಾರು ತಿರುಗಿಸಿ ಹೊರಗೆ ನಿಲ್ಲಿಸಿದ್ದ. ಹೇಳಬೇಕಾದ್ದು ಮೊದಲೇ ಮುಗಿದಿತ್ತು. ಅಬು ಸಫ್ವಾನ್ ಯಿನಾಲ್‌ನ ಕೈಪಟ್ಟಿಗಳನ್ನು ಕತ್ತರಿಸಿದ. ಯಿನಾಲ್ ಅಂಗಿ ತೊಟ್ಟು, ಎದ್ದು, ಜಾನ್‌ಬೆಕ್‌ನ ಮುಂದೆ ತಲೆಬಾಗಿದ.

“ನಾಳೆಯಿಂದ ಬರಕ್ಕಾಗಲ್ಲ, ಕೋಚ್.”

“ಗೊತ್ತು.”

“ಮೇಲೆ ಕೂತಿದ್ದೆನಲ್ಲ, ಕೂತ ತಕ್ಷಣ ನೀವು ಪಟ್ಟಿನ ಹೆಸರು ಹೇಳಿದ್ರೆ ಸಾಕಾಗಿತ್ತು. ಅವನಿಗೂ ಕೇಳ್ಲಿ ಬಿಡಿ. ನನಗೆ ಮುಂದಕ್ಕೆ ಏನು ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ.”

ಅವನು ಹೋದ ಮೇಲೆ ಜಾನ್‌ಬೆಕ್ ಬೆಂಚಿನ ಮೇಲೆ ಕುಳಿತು ಮೂರೂ ಸುತ್ತುಗಳನ್ನು ಮೊದಲಿನಿಂದ ಕ್ರಮವಾಗಿ ಪರಿಶೀಲಿಸಿದ. ಆಮೇಲೆ ಚಿಕ್ಕಪ್ಪ ಸತ್ತ ನಂತರ ತಾನು ಸೋತ ಎರಡು ಕಾದಾಟಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡಿದ. ಆ ಎರಡರಲ್ಲಿ ಎದುರಾಳಿಗೆ ಅದಿಗೆ ಬರುತ್ತಿರಲಿಲ್ಲ, ಮಂಡಿಯೂ ನೋಯುತ್ತಿರಲಿಲ್ಲ. ಮೂಲೆಯಲ್ಲಿ ಕೂಗುವವರು ಮಾತ್ರ ಇರಲಿಲ್ಲ. ಯಿನಾಲ್‌ಗೆ ಅವನು ಕೇಳುವುದನ್ನು ಕಲಿಸಿದ್ದ. ನೋಡುವುದನ್ನು ಕಲಿಸಿರಲಿಲ್ಲ, ಏಕೆಂದರೆ ಪಂಜರದೊಳಗೆ ಅದು ಅವನಿಗೂ ಎಂದೂ ಬಂದಿರಲಿಲ್ಲ.