ಮೇಷ್ಟ್ರ ಹೊಟ್ಟೆಯ ಚಿತ್ರ

ಆಸ್ಪತ್ರೆಯ ಗೋಡೆಯ ದೀಪದ ಪೆಟ್ಟಿಗೆಯಿಂದ, ತನಗೆ ಸ್ಕ್ಯಾನ್ ಕೆಲಸ ಕಲಿಸಿದ ಮೇಷ್ಟ್ರ ಹೊಟ್ಟೆಯ ಫಿಲ್ಮನ್ನು ಅರ್ಧ ಎಳೆದಿದ್ದಳಷ್ಟೇ, ಶಿಷ್ಯೆಯ ಕೈ ಅಲ್ಲೇ ನಿಂತಿತು. ಎಂಆರ್‌ಐ ಕೋಣೆಗೆ ಬಂದ ಹೊಸಬರಿಗೆಲ್ಲ ಮೂರು ವರ್ಷದಿಂದ ಇದನ್ನೇ ತೋರಿಸಿ ಪಾಠ ಹೇಳಿದ್ದಳು. ಇವತ್ತು ಕಂಡಿತು: ಮೇದೋಜೀರಕದ ನಾಳ, ಆ ಸಣ್ಣ ಬಿಳಿ ಗೆರೆ, ಒಂದು ಕಡೆ ಹಿಂಡಿದಂತೆ ಕಿರಿದಾಗಿತ್ತು. ಮೇಷ್ಟ್ರ ಪ್ರಾಣ ತೆಗೆದ ಗಡ್ಡೆ ಸಿಕ್ಕಿದ್ದೂ ಅದೇ ಜಾಗದಲ್ಲಿ.

ಬೆಳಿಗ್ಗೆ ಮೇಷ್ಟ್ರ ಹೆಂಡತಿ ಫೋನ್ ಮಾಡಿದ್ದರು. “ಅವರ ಹೊಟ್ಟೆ ಫೋಟೋ ಇದೆಯಂತಲ್ಲ, ತಗೊಂಡ್ ಬಾ ಮಗಳೇ. ಮಣ್ಣು ಮಾಡೋವಾಗ ಜೊತೆಗಿಡ್ತೀನಿ.”

*

ಮೂರು ವರ್ಷದ ಹಿಂದೆ, ಆ ಚಿತ್ರ ತೆಗೆದ ದಿನ, ಮೇಷ್ಟ್ರು ದೊಡ್ಡ ಲೋಟದ ತುಂಬ ಅನಾನಸ್ ರಸವನ್ನು ಗಟಗಟ ಕುಡಿದಿದ್ದರು. ಹೊಟ್ಟೆಯೊಳಗಿನ ನೀರು ಚಿತ್ರದಲ್ಲಿ ಬೆಳ್ಳಗೆ ಹೊಳೆದು ಹಿಂದಿನ ನಾಳಗಳನ್ನು ಮುಚ್ಚಿಬಿಡುತ್ತಿತ್ತು. ರಸದಲ್ಲಿರುವ ಮ್ಯಾಂಗನೀಸ್ ಅದನ್ನು ಕಪ್ಪಾಗಿಸುತ್ತದೆ ಎಂದು ಎಲ್ಲೋ ಓದಿದ್ದರು. ರೋಗಿಗಳಿಗೆ ಕೊಡುವ ಮೊದಲು ತಾವೇ ಕುಡಿದು ನೋಡಬೇಕೆಂಬುದು ಅವರ ಹಟ.

“ಮೇಷ್ಟ್ರೇ, ನಿಮಗೆ ಹುಳಿ ಆಗಲ್ವಲ್ಲ!”

“ಸುಮ್ನೆ ಬಟನ್ ಒತ್ತಮ್ಮ. ಹೊಟ್ಟೆ ಕಪ್ಪಾಯ್ತಾ, ಅಷ್ಟು ಹೇಳು.”

ಇದ್ದಿಲಿನಂತೆ ಕಪ್ಪಾಗಿತ್ತು. ಮೇಷ್ಟ್ರು ಅಂಗಿಯ ಗುಂಡಿ ಹಾಕುವುದನ್ನೂ ಮರೆತು ಕಂಡಕಂಡವರನ್ನೆಲ್ಲ ಕರೆದು ತೋರಿಸಿದರು. ದೊಡ್ಡ ಡಾಕ್ಟರೂ ಭೇಷ್ ಅಂದರು. ನಾಳ ಕಾಣಲೆಂದೇ ಇಷ್ಟೆಲ್ಲ ಮಾಡಿ, ನಾಳವನ್ನೇ ಯಾರೂ ನೋಡಲಿಲ್ಲ.

*

ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಆಸ್ಪತ್ರೆಯ ಕಾಂಪೌಂಡರ್ ಮಾತಾಡುತ್ತಿದ್ದ. “ರಸ ಕುಡಿಸಿ ಕುಡಿಸಿ ನಮ್ಮನ್ನೆಲ್ಲ ಸಾಕುಸಾಕು ಮಾಡಿದ ಪುಣ್ಯಾತ್ಮ!” ಅಳುತ್ತಿದ್ದವರೂ ನಕ್ಕರು.

ಹೆಂಡತಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. “ನಂಗೇನೂ ತಿಳಿಯಲ್ಲ. ಕಾಯಿಲೆ ಆಗ ಇರಲಿಲ್ಲ ತಾನೇ?”

ಇಲ್ಲ ಅಂದುಬಿಟ್ಟರೆ ಮುಗಿಯಿತು, ಎಲ್ಲ ಮಣ್ಣು ಸೇರುತ್ತಿತ್ತು. ಶಿಷ್ಯೆ ಕಿಟಕಿಯ ಬಳಿ ಬಂದಳು.

“ಇತ್ತಮ್ಮಾ. ನಾನೂ ಇವತ್ತೇ ನೋಡಿದ್ದು. ನಮ್ಮ ಯಾರ ಕಣ್ಣಿಗೂ ಬೀಳ್ಲಿಲ್ಲ.”

ಕಾಂಪೌಂಡರ್ ತಲೆ ತಗ್ಗಿಸಿದ.

“ಅವರ ಕಣ್ಣಿಗೂ?”

“ಅವರ ಕಣ್ಣಿಗೂ.”

ಹೆಂಡತಿಗೆ ಸಿಟ್ಟು ಬಂದಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಯಾರ ಮೇಲೆ ತೀರಿಸಿಕೊಳ್ಳುವುದು? ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡನ ಕಡೆ ನೋಡಿದರು. ಆಮೇಲೆ ಶಿಷ್ಯೆಯ ಜೇಬಿನಿಂದ ಕೆಂಪು ಪೆನ್ನು ತೆಗೆದು ಅವಳ ಕೈಗೇ ಕೊಟ್ಟರು.

“ಎಲ್ಲಿ, ಗುರುತು ಮಾಡು.”

ಫಿಲ್ಮನ್ನು ಬೆಳಕಿಗೆ ಹಿಡಿದೇ ಎಳೆದ ವೃತ್ತ ಸೊಟ್ಟಗಾಯಿತು. ಹೆಂಡತಿ ಅದರ ಮೇಲೆ ಒಮ್ಮೆ ಬೆರಳಾಡಿಸಿ, ಫಿಲ್ಮನ್ನು ಮರಳಿ ಕೊಟ್ಟರು.

“ಇದು ಮಣ್ಣಿಗೆ ಬೇಡ. ಎಲ್ಲಿತ್ತೋ ಅಲ್ಲೇ ಹಾಕು, ಕಲಿಯೋರು ನೋಡ್ಲಿ.”

ಮಣ್ಣು ಮುಗಿಸಿ ಸಂಜೆ ಶಿಷ್ಯೆ ಒಬ್ಬಳೇ ಆಸ್ಪತ್ರೆಯ ಆ ಕೋಣೆಗೆ ಹೋದಳು. ಫಿಲ್ಮನ್ನು ಸಿಕ್ಕಿಸಿ ದೀಪ ಹಾಕಿದಳು. ಇದ್ದಿಲಿನಂಥ ಹೊಟ್ಟೆಯ ಪಕ್ಕದಲ್ಲಿ ಸೊಟ್ಟ ಕೆಂಪು ವೃತ್ತ ಬೆಳಗಿತು.