ಹೌದು ಇಲ್ಲದ ಭಾಷೆ

ಐರ್ಲೆಂಡಿನ ಡೊನೆಗಾಲ್ ತೀರದ ಆ ಪುಟ್ಟ ದ್ವೀಪದಲ್ಲಿ ಉಳಿದಿದ್ದ ದೋಣಿಗಳೇ ನಾಲ್ಕು. ಅದರಲ್ಲೊಂದು ಸೋರ್ಖಾಳದು. ದಡದ ಹತ್ತಿರ ಬಲೆ ಹಾಕಬಾರದೆಂಬ ಮಸೂದೆಗೆ ಮರುದಿನ ಯುರೋಪಿನ ಪಾರ್ಲಿಮೆಂಟಿನಲ್ಲಿ ಮತದಾನ. ಪಾಸಾದರೆ ದೋಣಿ ದಡಕ್ಕೆಳೆದು ಬೋರಲು ಮಲಗಿಸುವುದೊಂದೇ ಬಾಕಿ. ನಡುಗಡಲನ್ನು ಗುಡಿಸಿ ಗುಂಡಾಂತರ ಮಾಡುವ ದೊಡ್ಡ ಹಡಗುಗಳ ತಂಟೆಗೆ ಮಾತ್ರ ಮಸೂದೆ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ, ಅವುಗಳ ಒಡೆಯರು ಪಾರ್ಲಿಮೆಂಟಿನ ಪಕ್ಕದಲ್ಲೇ ಆಫೀಸು ಮಾಡಿಕೊಂಡಿದ್ದಾರೆ!

ತಮ್ಮ ಪ್ರಾಂತ್ಯದಿಂದ ಆರಿಸಿಹೋದ ಸದಸ್ಯರಿಗೆಲ್ಲ ಸೋರ್ಖಾ ಬರೆದಿದ್ದಳು. ಒಬ್ಬರ ಕಚೇರಿ ‘ನಿಮ್ಮ ಪತ್ರ ತಲುಪಿದೆ’ ಎಂದು ಕೈತೊಳೆದುಕೊಂಡಿತು. ಇನ್ನೊಬ್ಬರು ತಮ್ಮ ನಗುಮುಖದ ಕ್ಯಾಲೆಂಡರ್ ಕಳಿಸಿದರು. ಮಿಕ್ಕವರದು ಸದ್ದೇ ಇಲ್ಲ. ಆಸೆಯೆಲ್ಲ ಆ ಸದಸ್ಯರಲ್ಲೊಬ್ಬನಾದ ಫೆಲಿಮ್ ಮೇಲೆ. ಅವನಜ್ಜಿ ಇದೇ ದ್ವೀಪದವಳು. ಚುನಾವಣೆಯ ಹೊತ್ತಿಗೆ ಅವನು ಇದೇ ಅಡುಗೆಮನೆಯಲ್ಲಿ ಚಹಾ ಕುಡಿದು, ಬಾಯ್ತುಂಬ ದ್ವೀಪದ ಭಾಷೆ ಐರಿಷಿನಲ್ಲೇ ಹರಟಿ ಹೋಗಿದ್ದ.

ಮಧ್ಯಾಹ್ನ ಅವನೇ ಪಾರ್ಲಿಮೆಂಟು ಸೇರಿದ್ದ ಸ್ಟ್ರಾಸ್‌ಬರ್ಗಿನಿಂದ ಫೋನು ಮಾಡಿದ. ಆಲೂಗಡ್ಡೆ ಸುಲಿಯುತ್ತಿದ್ದ ಚಿಕ್ಕಪ್ಪ ಮಾನಸ್‌ಗೂ ಕೇಳಲೆಂದು ಸೋರ್ಖಾ ಸ್ಪೀಕರ್ ಹಾಕಿದಳು. ಮಾತೆಲ್ಲ ಐರಿಷಿನಲ್ಲೇ.

“ಫೆಲಿಮ್, ನಾಳೆ ಅದರ ವಿರುದ್ಧ ಮತ ಹಾಕ್ತೀಯಾ?”

“ಸೋರ್ಖಾ, ನಿಮ್ಮ ಕಷ್ಟ ನಂಗೆ ಗೊತ್ತಿಲ್ವಾ? ನನ್ನ ಕೈಲಾದ್ದೆಲ್ಲ ಮಾಡ್ತೀನಿ. ಅಜ್ಜಿ ಊರಲ್ವಾ ಅದು!”

ಫೋನಿಟ್ಟ ಸೋರ್ಖಾಳ ಮುಖ ಅರಳಿತ್ತು. “ಕೇಳಿದ್ಯಾ ಚಿಕ್ಕಪ್ಪಾ? ನಮ್ಮ ಹುಡುಗ ಕೈಬಿಡಲ್ಲ!”

ಮಾನಸ್ ತಲೆಯೆತ್ತಲಿಲ್ಲ. “ನೀನು ಕೇಳಿದ್ದು ‘ಹಾಕ್ತೀಯಾ’ ಅಂತ. ಅವನು ‘ಹಾಕ್ತೀನಿ’ ಅಂದ್ನಾ?”

ಸೋರ್ಖಾಳಿಗೆ ಆಗ ಹೊಳೆಯಿತು. ಐರಿಷಿನಲ್ಲಿ ‘ಹೌದು’ ಎಂಬ ಪದವೇ ಇಲ್ಲ. ಬರ್ತೀಯಾ ಎಂದರೆ ಬರ್ತೀನಿ ಅನ್ನಬೇಕು, ಇಲ್ಲವೇ ಬರಲ್ಲ ಅನ್ನಬೇಕು. ಕೇಳಿದ ಮಾತನ್ನೇ ಬಾಯಿಗೆ ತಂದುಕೊಳ್ಳದವನು ಮಾತು ಕೊಟ್ಟ ಹಾಗಲ್ಲ. ಹುಟ್ಟಿದಾಗಿನಿಂದ ಆಡಿದ ಭಾಷೆಯ ಈ ರೀತಿ, ಆಸೆಯ ಭರದಲ್ಲಿ ಅವಳಿಗೇ ಮರೆತುಹೋಗಿತ್ತು.

ಮತ್ತೆ ಫೋನು ಹಚ್ಚಿದಳು. “ಒಂದೇ ಮಾತು ಫೆಲಿಮ್. ಹಾಕ್ತೀಯಾ?”

ಆ ಕಡೆ ಯಾರದೋ ನಗು, ಲೋಟಗಳ ಸದ್ದು. ಫೆಲಿಮ್ ಗಂಟಲು ಸರಿಮಾಡಿಕೊಂಡ. ಆಮೇಲೆ ಇಂಗ್ಲಿಷಿನಲ್ಲಿ ಅಂದ:

“ಯೆಸ್, ಯೆಸ್. ಆಫ್ ಕೋರ್ಸ್.”

ಸೋರ್ಖಾ ಥ್ಯಾಂಕ್ಸ್ ಕೂಡ ಹೇಳದೆ ಫೋನಿಟ್ಟಳು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು, ಯಾಕೆಂದರೆ ಮನೆಮನೆಗೆ ಹೋಗಿ ಅವನಿಗೆ ಮತ ಕೇಳಿದವಳು ಅವಳೇ.

“ಅಜ್ಜಿ ಭಾಷೇಲಿ ಸುಳ್ಳು ಹೇಳಕ್ಕೆ ನಾಲಿಗೆ ಏಳಲಿಲ್ಲ ನೋಡು. ಅಷ್ಟಾದ್ರೂ ಮಾನ ಇಟ್ಕೊಂಡಿದಾನೆ,” ಎಂದ ಮಾನಸ್.

ಅವಳು ಬೂಟು ಹಾಕಿಕೊಂಡು ಎದ್ದಳು.

“ಎಲ್ಲಿಗೆ?”

“ಬಲೆ ಎತ್ಕೊಂಡು ಬರ್ತೀನಿ. ನೀನೂ ಬರ್ತೀಯಾ?”

ಮಾನಸ್ ಚಾಕು ಕೆಳಗಿಟ್ಟ.

“ಬರ್ತೀನಿ,” ಎಂದ.