ಎಡಗೋಡೆ, ಬಲಗೋಡೆ

ಝೇಡಕ್ ಪೂಲ್ ಕಟ್ಟಿದ ಪೀಪಾಯಿಯಿಂದ ಒಂದು ಹನಿ ಸೋರಿದ್ದನ್ನು ವರ್ಮಾಂಟಿನ ಆ ಗುಡ್ಡದೂರಿನಲ್ಲಿ ಯಾರೂ ಕಂಡವರಿಲ್ಲ. ಊರಿನ ಮೂವರು ಯಜಮಾನರಲ್ಲಿ ಅವನೂ ಒಬ್ಬ. ಕಾನೂನಿನ ವಿಷಯದಲ್ಲೂ ತನ್ನ ಕೈಯಿಂದ ಹನಿ ಸೋರದೆಂಬ ಜಂಬ ಅವನಿಗಿತ್ತು. ಜಂಬವೇ ಅದು, ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಆ ಮಾರ್ಚಿನಲ್ಲಿ ಮಾತ್ರ ಅವನಿಗೆ ನೆಮ್ಮದಿಯಿರಲಿಲ್ಲ. ಗಂಡ ಸತ್ತ ತಂಗಿ ಟ್ರೈಫೀನಾ ಕೂಸನ್ನು ಕಟ್ಟಿಕೊಂಡು ಅವನ ಮನೆ ಸೇರಿದ್ದಳು. ಮದುವೆಯಾದ ಹೆಣ್ಣಿಗೆ ಗಂಡನ ಊರೇ ಊರು. ಅವಳ ಗಂಡನೋ ಯಾವ ಊರಿಗೂ ಸೇರದ ದೋಣಿಯವನು. ಹೊರಗಿನಿಂದ ಬಂದ ಬಡವರಿಗೆ ವರ್ಷದೊಳಗೆ ‘ಊರು ಬಿಡಿ’ ಎಂದು ಹೇಳದಿದ್ದರೆ ಮುಂದೆ ಅವರ ಹೊಟ್ಟೆಬಟ್ಟೆಯ ಹೊರೆ ಊರಿನ ತಲೆಗೇ ಬರುತ್ತಿತ್ತು. ಅಕ್ಕಪಕ್ಕದ ಊರುಗಳಲ್ಲಿ ಹಾಗೆ ಹೇಳಿ ಸುಮ್ಮನಾಗುತ್ತಿದ್ದರು. ಝೇಡಕ್ ಸುಮ್ಮನಾಗುವ ಪೈಕಿಯಲ್ಲ. ಹಿಂದಿನ ಚಳಿಗಾಲ ಕಮ್ಮಾರ ಸೆತ್‌ನ ಅತ್ತೆಯನ್ನು ಹಿಮಗಾಡಿಯಲ್ಲಿ ಕೂರಿಸಿ ಊರ ಗಡಿ ದಾಟಿಸಿದ್ದ. ಮುದುಕಿ ಬೇಸಿಗೆಯವರೆಗೆ ಬದುಕಲಿಲ್ಲ.

ಊರಸಭೆಯ ದಿನ ಬೆಳಿಗ್ಗೆ ಟ್ರೈಫೀನಾ ಅವನ ಕರಿ ಕೋಟನ್ನು ಒರೆಸಿ ಕೊಟ್ಟಳು.

“ಅಣ್ಣ, ಇವತ್ತು ನನ್ನ ವಿಷ್ಯ ಎತ್ತುತ್ತಾರಾ?”

“ಎತ್ತಿದ್ರೆ ಎತ್ತಲಿ ಬಿಡು. ನಾನಿಲ್ವಾ?”

ಸಭೆ ನಗುನಗುತ್ತಲೇ ಶುರುವಾಯಿತು. ಹೊಸದಾಗಿ ಮದುವೆಯಾದವರನ್ನು ವಾಡಿಕೆಯಂತೆ ಬೀದಿಹಂದಿ ಹಿಡಿಯುವ ಅಧಿಕಾರಿಗಳನ್ನಾಗಿ ಆರಿಸಿದರು. ಝೇಡಕ್‌ನನ್ನು ಮತ್ತೆ ಯಜಮಾನನನ್ನಾಗಿ ಆರಿಸಿದರು. ಆಮೇಲೆ ಸೆತ್ ಎದ್ದು ನಿಂತ.

“ಯಜಮಾನ್ರೇ, ನಮ್ಮತ್ತೆಗಿದ್ದ ಕಾನೂನು ನಿಮ್ಮ ತಂಗಿ ಬಂದ್ಮೇಲೆ ರಜಾ ಹಾಕಿದ್ಯಾ?”

ಯಾರೂ ನಗಲಿಲ್ಲ. ಸಭೆ ನಡೆಸುತ್ತಿದ್ದ ಚರ್ಚಿನ ಹಿರಿಯ, ಮುದುಕ ಡೀಕನ್ ಕೆಮ್ಮಿ, “ಸರಿ, ಗೋಡೆಗೆ ಹೋಗ್ರಪ್ಪ. ಕಳಿಸ್ಬೇಕು ಅನ್ನೋರು ಬಲಕ್ಕೆ, ಇರಲಿ ಅನ್ನೋರು ಎಡಕ್ಕೆ,” ಎಂದ. ಆ ಊರಲ್ಲಿ ಕೈ ಎತ್ತುವ ಪದ್ಧತಿಯಿರಲಿಲ್ಲ. ಮನಸ್ಸಿದ್ದ ಕಡೆಯ ಗೋಡೆಗೆ ನಡೆದು ಹೋಗಿ ನಿಲ್ಲಬೇಕಿತ್ತು.

ಝೇಡಕ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಂಟಲುಬೇನೆ ಬಂದಾಗ ಟ್ರೈಫೀನಾ ಇವರೆಲ್ಲರ ಮಕ್ಕಳ ಹಾಸಿಗೆ ಪಕ್ಕ ಕೂತಿದ್ದವಳು. ಇವರು ಎಡಕ್ಕೆ ಹೋಗುವುದು ಖಂಡಿತ. ತಾನೊಬ್ಬ ಬಲಕ್ಕೆ ನಿಂತರೆ ತಂಗಿಯೂ ಉಳಿಯುತ್ತಾಳೆ, ಹೆಸರೂ ಉಳಿಯುತ್ತದೆ. ಎಂಥ ಜಾಣ! ಎಲ್ಲರಿಗಿಂತ ಮೊದಲು ಎದ್ದು, ತಲೆಯೆತ್ತಿಕೊಂಡು ಬಲಗೋಡೆಗೆ ಹೋಗಿ ಬೆನ್ನು ಕೊಟ್ಟು ನಿಂತ.

ಅವನ ಹಿಂದೆಯೇ ಬೂಟುಗಳು ಬಂದವು. ಒಂದು ಸಾಲು, ಇನ್ನೊಂದು ಸಾಲು. ಮೇಪಲ್ ಮರದ ರಸ ಇಳಿಸುವ ಕಾಲ; ಅರ್ಧ ಊರು ಅವನು ಕಟ್ಟಿಕೊಡುವ ಬಕೆಟ್ಟುಗಳಿಗೆ ಕಾಯುತ್ತಿತ್ತು, ಅವನನ್ನು ಎದುರು ಹಾಕಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಪಕ್ಕದ ಮನೆಯ ಏಸಾ ಅವನ ತೋಳು ಒತ್ತಿ ಪಿಸುಗುಟ್ಟಿದ: “ಮನೇಲಿ ಏನು ಕಷ್ಟ ಇದ್ಯೋ, ನೀನು ಬಾಯಿಬಿಟ್ಟು ಹೇಳೋನಲ್ಲ. ನಿನಗೇ ಬೇಡ ಅಂದ್ಮೇಲೆ ನಾವ್ಯಾಕಪ್ಪ ಅಡ್ಡ ಬರೋಣ?”

ಎಡಗೋಡೆಯ ಬಳಿ ಸೆತ್ ಒಬ್ಬನೇ ನಿಂತಿದ್ದ.

“ಕೇಳಿದ್ದು ನಾನು, ನಿಜ,” ಎಂದ ಅವನು. “ಹೊರಗೆ ಹಾಕಿ ಅಂತ ಅಂದ್ನಾ ನಾನು?”

ಎಣಿಸುವ ತನಕ ಗೋಡೆ ಬದಲಿಸಲು ಯಾರಿಗೂ ಅಡ್ಡಿಯಿರಲಿಲ್ಲ. ಡೀಕನ್ ಬೇಕೆಂದೇ ನಿಧಾನ ಮಾಡಿದ, ಕನ್ನಡಕ ಒರೆಸಿದ, ಝೇಡಕ್‌ನತ್ತ ನೋಡಿದ. ಆದರೆ ಅಷ್ಟು ಜನರ ಕಣ್ಣೆದುರು ಆ ಬರಿ ನೆಲವನ್ನು ದಾಟಲು ಝೇಡಕ್‌ನ ಕಾಲು ಏಳಲಿಲ್ಲ. ಡೀಕನ್ ಎಣಿಸಿದ.

ಸಂಜೆ ಟ್ರೈಫೀನಾ ಮೆಕ್ಕೆಜೋಳದ ಹಿಟ್ಟಿನ ಗಂಜಿ ತಿರುವುತ್ತಿದ್ದಳು.

“ಏನಾಯ್ತಣ್ಣ?”

“ನಾಳೆ ಕಾನ್‌ಸ್ಟೇಬಲ್ ಗಾಡಿ ತರ್ತಾನೆ.”

ಅವಳು ಸೌಟು ಕೆಳಗಿಟ್ಟಳು. ತೊಟ್ಟಿಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಕೇಳಿದಳು: “ನನ್ನ ಕಡೆ ಯಾರೂ ನಿಲ್ಲಲಿಲ್ವಾ?”

“ಒಬ್ಬ ನಿಂತ.”

ಅವಳು ಹತ್ತಿರ ಬಂದು, ಅವನ ಕರಿ ಕೋಟಿನ ಬೆನ್ನಿಗೆ ಹತ್ತಿದ್ದ ಗೋಡೆಯ ಸುಣ್ಣವನ್ನು ಅಂಗೈಯಿಂದ ಕೊಡವತೊಡಗಿದಳು.

“ಗೊತ್ತು. ಅಷ್ಟು ಜನರ ಎದುರಿಗೆ ನೀನೊಬ್ಬನೇ ನಿಂತ್ಯಲ್ಲ, ನನಗಷ್ಟು ಸಾಕು ಅಣ್ಣ,” ಎಂದಳು.

ಸುಣ್ಣವೆಲ್ಲ ಹೋಗುವವರೆಗೂ ಝೇಡಕ್ ತಿರುಗಿ ನೋಡಲಿಲ್ಲ.